ಹೇಳಿದಾಗ, ಮುಟ್ಟಿದಾಗ

ನಿವೃತ್ತಿಯ ದಿನ ಆಸ್ಪತ್ರೆಯ ಸಭಾಂಗಣದಲ್ಲಿ ನನಗೆ ಶಾಲು ಹೊದಿಸಿದವರು, ಇವರು ಇಷ್ಟು ವರ್ಷ ಯಾರ ಜತೆಗೂ ಜಗಳವಾಡದೆ ಕೆಲಸ ಮಾಡಿದರು ಎಂದು ಮೈಕಿನಲ್ಲಿ ಹೇಳಿದರು. ಆ ಹೇಳಿಕೆಗೆ ಒಂದು ತಿದ್ದುಪಡಿ ಇದೆ. ನಾನು ಜಗಳವಾಡಿದ್ದೇನೆ. ಅವುಗಳಲ್ಲಿ ಒಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕ್ಷಮೆ ಕೇಳುವ ಉದ್ದೇಶ ಇಲ್ಲ.

ಫಿಸಿಯೋಥೆರಪಿಗೆ ಈಗ ಕಾಲಿಡುತ್ತಿರುವವರು ಓದಲಿ ಎಂದು ಬರೆಯುತ್ತಿರುವುದರಿಂದ ಮೊದಲು ವಿಷಯ ಹೇಳಿಬಿಡುತ್ತೇನೆ. ಮಂಡಿಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಮುಂದಕ್ಕೆ ಚಿಮ್ಮುತ್ತದೆ. ತೊಡೆಯ ಮುಂಭಾಗದ ಸ್ನಾಯುವನ್ನು ಯಾರೋ ಥಟ್ಟನೆ ಎಳೆದರು ಎಂಬ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ. ಹುರಿ ಆ ಸ್ನಾಯುವಿಗೆ ಬಿಗಿಯಾಗು ಎನ್ನುತ್ತದೆ. ಅದೇ ಕ್ಷಣ ತೊಡೆಯ ಹಿಂಭಾಗದ ಸ್ನಾಯುವಿಗೆ ಸಡಿಲಾಗು ಎನ್ನುತ್ತದೆ. ಮಿದುಳಿಗೆ ವಿಷಯ ತಿಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮಿದುಳು ಮೇಲಿನಿಂದ ಮಾಡುವ ಮುಖ್ಯ ಕೆಲಸ, ಈ ಚಿಮ್ಮುವಿಕೆಯನ್ನು ಹದದಲ್ಲಿಡುವುದು. ಪೆಟ್ಟು ಬಿದ್ದು ನಡುವೆ ಹುರಿ ತುಂಡಾದರೆ ಆ ಹಿಡಿತ ತಪ್ಪುತ್ತದೆ. ಕೆಲವು ವಾರ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತವೆ. ಆಮೇಲೆ ಒಂದು ದಿನ ಹೊದಿಕೆ ಎಳೆದಾಗ ಕಾಲು ಝಾಡಿಸುತ್ತದೆ. ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಇದು ಗುಣವಾಗುವ ಲಕ್ಷಣವಲ್ಲ ಎಂದು ಅವರಿಗೆ ಹೇಳಬೇಕಾದ, ನಮ್ಮ ವೃತ್ತಿಯ ಅತಿ ಕಷ್ಟದ ಹತ್ತು ನಿಮಿಷ ಅಲ್ಲಿಂದ ಶುರುವಾಗುತ್ತದೆ.

ನನ್ನ ಮೊದಲ ದೊಡ್ಡ ತಪ್ಪು ಆ ಹತ್ತು ನಿಮಿಷದಲ್ಲೇ ಆಯಿತು. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಆಗ ನಾನು ನಮ್ಮ ಆಸ್ಪತ್ರೆ ನಡೆಸುವ ಟ್ರಸ್ಟಿನ ನೆರೂಳ ಶಾಖೆಯಲ್ಲಿದ್ದೆ. ಮನೆ ಠಾಕುರ್ಲಿಯಲ್ಲಿ, ಲೋಕಲ್ ರೈಲಿನಿಂದ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಮುಂದಿನ ದಾರಿ ಹಿಡಿಯುತ್ತಿದ್ದೆ. ನೆರೂಳದ ಒಂದು ಸೆಕ್ಟರಿನಲ್ಲಿ ಶ್ರೀಧರ ರಾವ್ ಎಂಬ ಬೆಂಗಳೂರಿನವರು, ಹಣಕಾಸು ಕಂಪನಿಯ ನೌಕರ, ಕಾರು ಅಪಘಾತದಲ್ಲಿ ಬೆನ್ನು ಮುರಿದುಕೊಂಡು ಮನೆಗೆ ಬಂದಿದ್ದರು. ವಾರಕ್ಕೆ ಮೂರು ದಿನ ಅವರ ಮನೆಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅಂಗಾಲು ಸವರಿದೆ; ಮಂಡಿ ಮಡಚಿ ಕಾಲು ಮೇಲೆ ಬಂತು. ನಾನು ಖುಷಿಯಲ್ಲಿ, "ನೋಡಿ, ಕಾಲು ಆಡ್ತಾ ಇದೆ" ಎಂದೆ. ಕಡತದಲ್ಲೂ ಹಾಗೇ ಬರೆದೆ.

ರಾಯರ ತಾಯಿ ಇಡೀ ಕಟ್ಟಡಕ್ಕೆ ಪೇಡೆ ಹಂಚಿದರು. ಅಳತೆ ಕೊಟ್ಟಿದ್ದ ಗಾಲಿಕುರ್ಚಿಯನ್ನು ಬೇಡ ಎಂದುಬಿಟ್ಟರು. "ನಡೆಯೋನಿಗೆ ಕುರ್ಚಿ ಯಾಕಮ್ಮ?" ಎಂದು ನನ್ನನ್ನೇ ಕೇಳಿದರು. ಕೂರುವುದನ್ನು, ಹಾಸಿಗೆಯಿಂದ ಕುರ್ಚಿಗೆ ದಾಟುವುದನ್ನು ಕಲಿಯಬೇಕಾದ ತಿಂಗಳುಗಳನ್ನು ಆ ಮನೆ ಕಾಯುವುದರಲ್ಲಿ ಕಳೆಯಿತು. ಮಂಡಿಗಳು ಮಡಚಿದಲ್ಲೇ ಗಟ್ಟಿಯಾದವು, ಹಿಮ್ಮಡಿಯಲ್ಲಿ ಹುಣ್ಣಾಯಿತು. ತಪ್ಪು ನನ್ನದು, ಅವರದಲ್ಲ.

ಆಗ ನನ್ನ ಮೇಲಿದ್ದವರು ಪ್ರಧಾನ್ ಬಾಯಿ. ಐವತ್ತು ದಾಟಿದ ಮರಾಠಿ ಹೆಂಗಸು, ಬಿಳಿ ಕೋಟಿನ ಜೇಬಿನಲ್ಲಿ ಸುತ್ತಿಗೆಯ ಜತೆ ಒಂದು ಸುಪಾರಿ ಡಬ್ಬಿ. ನನ್ನ ಕಡತ ಓದಿ, ಕನ್ನಡಕ ಇಳಿಸಿ, "ಕೋಣೀ ಹಲವಲಾ? ತ್ಯಾನೆ, ಕೀ ತೂ?" ಎಂದರು. ಕಾಲನ್ನು ಅಲುಗಿಸಿದ್ದು ಯಾರು, ಅವನೋ ನೀನೋ ಎಂದು.

ಬಾಯಿ ಸ್ಕೇಲು ತೆಗೆದುಕೊಂಡು ಹಾಳೆಯ ನಡುವೆ ಗೆರೆ ಎಳೆದರು. ಎಡಕ್ಕೆ 'ಹೇಳಿದಾಗ', ಬಲಕ್ಕೆ 'ಮುಟ್ಟಿದಾಗ'. ರೋಗಿಗೆ ಕಾಲೆತ್ತು ಎಂದು ಹೇಳಿದಾಗ ಆದದ್ದು ಎಡಕ್ಕೆ. ನಾವು ತಟ್ಟಿದಾಗ, ಸವರಿದಾಗ, ಹೊದಿಕೆ ಎಳೆದಾಗ ಆದದ್ದು ಬಲಕ್ಕೆ. ಎಡದ ಅಂಕಣ ತುಂಬಿದರೆ ಮಾತ್ರ ಮನೆಯವರಿಗೆ ಸಿಹಿಸುದ್ದಿ. ಅಂದಿನಿಂದ ನಿವೃತ್ತಿಯವರೆಗೆ ಗೆರೆ ಎಳೆಯದ ಹಾಳೆಯಲ್ಲಿ ನಾನು ಕಾಲಿನ ಬಗ್ಗೆ ಒಂದಕ್ಷರ ಬರೆದಿಲ್ಲ. ಆಮೇಲೆ ಮುದ್ರಿತ ನಮೂನೆಗಳು ಬಂದವು, ಕಂಪ್ಯೂಟರಿನಲ್ಲಿ ಟಿಕ್ ಹಾಕುವ ಚೌಕಗಳು ಬಂದವು. ಚೌಕದಲ್ಲಿ 'ಚಲನೆ ಇದೆ' ಅಥವಾ 'ಇಲ್ಲ' ಎಂದಷ್ಟೇ ಇತ್ತು. ನಾನು ಚೌಕವನ್ನು ಖಾಲಿ ಬಿಟ್ಟು ನನ್ನ ಹಾಳೆಯನ್ನು ಪಿನ್ ಮಾಡುತ್ತಿದ್ದೆ. ಅದಕ್ಕೆ ಎರಡು ಮೆಮೋ ಬಂದಿವೆ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಬಾಯಿ ಕಲಿಸಿದ ಇನ್ನೊಂದು ಪಾಠ ಕೈಗೆ ಸಂಬಂಧಿಸಿದ್ದು. ನಮ್ಮ ಕಾಲದಲ್ಲಿ ಬಿಗಿದ ಕಾಲನ್ನು ಇಬ್ಬರು ಹಿಡಿದು ಜಗ್ಗುವುದನ್ನೇ ವ್ಯಾಯಾಮ ಎನ್ನುತ್ತಿದ್ದರು. ಜಗ್ಗಿದಷ್ಟೂ ಅದು ಬಿಗಿಯುತ್ತದೆ, ಏಕೆಂದರೆ ಹುರಿ ವೇಗಕ್ಕೆ ಉತ್ತರ ಕೊಡುತ್ತದೆ. ಬೇಗ ಎಳೆದರೆ ಬೇಗ ಬಿಗಿತ. ನಿಧಾನವಾಗಿ ಎಳೆದು, ಹಿಡಿದು, ಉಸಿರು ಎಣಿಸುತ್ತ ಕಾದರೆ ಸ್ನಾಯು ಮೆಲ್ಲಗೆ ಬಿಟ್ಟುಕೊಡುತ್ತದೆ. ಕಾಲು ಕಂಬದಂತೆ ನೆಟ್ಟಗೆ ಸೆಟೆದಾಗ ಕಾಲ್ಬೆರಳುಗಳನ್ನು ಕೆಳಕ್ಕೆ ಮಡಚಿ ಹಿಡಿದರೆ ಎಷ್ಟೋ ಸಲ ಮಂಡಿ ತಾನಾಗಿ ಸಡಿಲಾಗುತ್ತದೆ. ಬಿಗಿಸಿದ ಹುರಿಯೇ ಬಿಡಿಸುತ್ತದೆ; ಕೇಳುವ ರೀತಿ ಗೊತ್ತಿರಬೇಕು. ಈಗ ಬರುವ ಹುಡುಗಿಯರು ಬಣ್ಣದ ಯಂತ್ರ ಕಟ್ಟಿ ಗುಂಡಿ ಒತ್ತುತ್ತಾರೆ. ಯಂತ್ರದ ಮೇಲೆ ನನಗೆ ಕೋಪವಿಲ್ಲ. ಗುಂಡಿ ಒತ್ತಿ ಫೋನು ನೋಡುವವರ ಮೇಲೆ ಇದೆ.

ಇನ್ನು ಜಗಳಕ್ಕೆ ಬರುತ್ತೇನೆ.

ಎರಡು ಸಾವಿರದ ಹತ್ತರ ನಂತರದ ಮಾತು. ನಾನು ಅದೇ ಟ್ರಸ್ಟಿನ ಡೊಂಬಿವಲಿಯ ದೊಡ್ಡ ಆಸ್ಪತ್ರೆಗೆ ಬಂದಿದ್ದೆ. ಬಾಯಿ ನಿವೃತ್ತರಾಗಿದ್ದರು. ಕಲ್ಯಾಣದ ಹತ್ತಿರದ ಒಂದು ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ ಬಸವರಾಜ, ವಿಜಯಪುರ ಜಿಲ್ಲೆಯವನು, ಚೀಲ ತುಂಬಿದ ಲಾರಿಯ ಮೇಲಿನಿಂದ ಬಿದ್ದು ನಮ್ಮ ವಾರ್ಡಿಗೆ ಬಂದ. ಎದೆಯ ಮಟ್ಟದಲ್ಲಿ ಬೆನ್ನುಹುರಿ ಜಜ್ಜಿ ಹೋಗಿತ್ತು. ಕೈಗಳು ಕಬ್ಬಿಣ, ಸೊಂಟದಿಂದ ಕೆಳಗೆ ಏನೂ ತಿಳಿಯದು. ಹೆಂಡತಿ ಮಹಾದೇವಿ ಮಂಚದ ಪಕ್ಕದ ಸ್ಟೂಲು ಬಿಟ್ಟು ಕದಲುತ್ತಿರಲಿಲ್ಲ. ಇಬ್ಬರೂ ನಾನು ಕನ್ನಡದವಳು ಎಂದು ತಿಳಿದ ಮೇಲೆ ಮರಾಠಿ ಸಿಸ್ಟರುಗಳ ದೂರನ್ನೆಲ್ಲ ನನಗೇ ಹೇಳತೊಡಗಿದರು. ನನ್ನದು ಕುಂದಾಪುರದ ಕಡೆಯ ಕನ್ನಡ. ನಾನು ಮಾತಾಡಿದಾಗಲೆಲ್ಲ ಬಸವರಾಜ ನಗುತ್ತಿದ್ದ. "ಅಕ್ಕಾರ, ನೀವು ಬೈದ್ರೂ ಹಾಡು ಹೇಳಿದಂಗ ಇರ್ತದ ನೋಡ್ರಿ."

ಆರನೆಯ ವಾರದ ಹೊತ್ತಿಗೆ ಅವನ ಕಾಲು ಝಾಡಿಸತೊಡಗಿತು. ನಾನು ಗೆರೆ ಎಳೆದೆ. ಎಡದ ಅಂಕಣ ಖಾಲಿ, ಬಲದ್ದು ತುಂಬಿತು. ಕಡತದಲ್ಲಿ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಬರೆದೆ. ರಾಯರ ಮನೆಯ ಪೇಡೆ ನೆನಪಿತ್ತು. ಅದಕ್ಕೇ ಮಹಾದೇವಿಗೆ ಒಳ್ಳೆಯದೂ ಹೇಳಲಿಲ್ಲ, ಕೆಟ್ಟದ್ದೂ ಹೇಳಲಿಲ್ಲ. ಇದು ನನ್ನ ಎರಡನೆಯ ತಪ್ಪು, ಮೊದಲಿನದಕ್ಕಿಂತ ದೊಡ್ಡದು. ಕಡತಕ್ಕೆ ನಿಜ ಹೇಳಿದೆ, ಕಡತ ಓದಲಾರದ ಹೆಂಡತಿಗೆ ಹೇಳಲಿಲ್ಲ.

ಅವಳು ತಾನೇ ಕಂಡುಕೊಂಡಿದ್ದಳು. ದಿನಾ ಬೆಳಿಗ್ಗೆ ಬಾಚಣಿಗೆಯ ಹಿಡಿಯಿಂದ ಗಂಡನ ಅಂಗಾಲು ಗೀರುತ್ತಿದ್ದಳು. ಕಾಲು ಮಡಚಿ ಮೇಲೆ ಬಂದರೆ, "ಎದ್ರೇನ್ರಿ?" ಎಂದು ಕಾಲನ್ನೇ ಕೇಳುತ್ತಿದ್ದಳು.

ಗೋದಾಮಿನ ಕಂಪನಿಯ ಆಡಳಿತಾಧಿಕಾರಿ ಒಂದು ಮಧ್ಯಾಹ್ನ ಹಣ್ಣು ಹಿಡಿದು ನೋಡಲು ಬಂದ. ನಾನಿರಲಿಲ್ಲ. ಮಹಾದೇವಿ ಹೆಮ್ಮೆಯಿಂದ, "ನೋಡ್ರಿ ಸಾಹೇಬ್ರ, ನಮ್ಮನಿಯವ್ರು ಕಾಲು ಹೆಂಗ ಎತ್ತತಾರ" ಎಂದು ಬಾಚಣಿಗೆ ಆಡಿಸಿ ತೋರಿಸಿದಳು. ಸಾಹೇಬರು ಫೋನು ತೆಗೆದು ವಿಡಿಯೋ ಮಾಡಿಕೊಂಡರು. ಅವಳು ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಮಾಡಿ ತೋರಿಸಿದಳು.

ಹತ್ತು ದಿನಗಳಲ್ಲಿ ಕಂಪನಿಯಿಂದ ಆಸ್ಪತ್ರೆಗೆ ಪತ್ರ ಬಂತು. ನೌಕರನ ಕಾಲುಗಳಲ್ಲಿ ಚಲನೆ ಇದೆ, ಅವನು ನಾಟಕ ಮಾಡುತ್ತಿದ್ದಾನೆ, ಆಸ್ಪತ್ರೆ ಹಾಗೆಂದು ಪ್ರಮಾಣಪತ್ರ ಕೊಟ್ಟರೆ ಅವನನ್ನು ಕೆಲಸಕ್ಕೆ ಕರೆಯಲಾಗುವುದು, ಬಾರದಿದ್ದರೆ ಗೋದಾಮಿನ ಹಿಂದೆ ಗಂಡ ಹೆಂಡತಿ ಇರುವ ಖೋಲಿ ಖಾಲಿ ಮಾಡಬೇಕು. ಚಿಕಿತ್ಸೆಯ ಹೊಣೆಯೂ ಕಂಪನಿಯದಲ್ಲ. ಪತ್ರದ ಜತೆ ಕಳಿಸಿದ್ದ ವಿಡಿಯೋದಲ್ಲಿ ಕಾಲಿಗಿಂತ ಸ್ಪಷ್ಟವಾಗಿ ಕಂಡದ್ದು ಮಹಾದೇವಿಯ ನಗು.

ಸೂಪರಿಂಟೆಂಡೆಂಟ್ ಸಾಠೆ ಸರ್ ನನ್ನನ್ನು ಕರೆದರು. ಕೆಟ್ಟ ಮನುಷ್ಯರಲ್ಲ, ಮೇಜಿನ ಮೇಲೆ ಕಾಗದ ಉಳಿಯಬಾರದು ಎಂಬುದಷ್ಟೇ ಅವರ ಧರ್ಮ. ಆ ಕಂಪನಿ ತನ್ನ ನೌಕರರನ್ನೆಲ್ಲ ನಮ್ಮಲ್ಲಿಗೇ ಕಳಿಸುತ್ತಿತ್ತು. ಟೈಪು ಮಾಡಿದ ಹಾಳೆಯಲ್ಲಿ ಒಂದೇ ಸಾಲು: ರೋಗಿಯ ಎರಡೂ ಕಾಲುಗಳಲ್ಲಿ ಚಲನೆ ಕಂಡುಬಂದಿದೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಮೇಡಂ, ಇಸ್ ಮೇ ಝೂಠ್ ಕ್ಯಾ ಹೈ?" ಎಂದರು. ಇದರಲ್ಲಿ ಸುಳ್ಳೇನಿದೆ?

"ಸುಳ್ಳಿಲ್ಲ ಸರ್. ಅರ್ಧ ಇದೆ. ಇನ್ನರ್ಧ ನಾನು ಬರೆಯುತ್ತೇನೆ."

"ಅರ್ಧ ಸಾಕು."

"ಹಾಗಾದರೆ ಸಹಿಯೂ ಅರ್ಧ ಹಾಕಲೇ?"

ಅವರು ನಗಲಿಲ್ಲ. ಶುಕ್ರವಾರ ಕಂಪನಿಯವರು ಬರುತ್ತಾರೆ, ಅಷ್ಟರಲ್ಲಿ ಯೋಚಿಸಿ ಎಂದರು. ಹಾಳೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ವಾರ್ಡಿಗೆ ಹೋದರೆ ಪತ್ರದ ವಿಷಯ ಅಲ್ಲಿಗೆ ಆಗಲೇ ತಲುಪಿತ್ತು. ಬಸವರಾಜ ಗೋಡೆಯ ಕಡೆ ಮುಖ ಮಾಡಿದ್ದ. "ಅಕ್ಕಾರ, ನಾ ಕಾಲು ಕಳಕೊಂಡೀನ್ರಿ, ಖರೆ. ಕಳ್ಳ ಅನ್ಸಿಕೊಂಡು ಊರಿಗಿ ಹೋಗಂಗಿಲ್ಲ." ಮಹಾದೇವಿ ಮಾತ್ರ ಇನ್ನೂ ಗೊಂದಲದಲ್ಲಿದ್ದಳು. "ಕಾಲು ಆಡ್ತದ ಅಂದ್ರ ಛಲೋ ಆಗ್ಲಿಕತ್ತದ ಅಂತ ಅಲ್ಲೇನ್ರಿ? ಮತ್ತ ಇವ್ರು ಯಾಕ ಸುಳ್ಳ ಅಂತಾರ?"

ಪ್ರಮಾಣಪತ್ರದ ಇನ್ನರ್ಧ ಬರೆಯುವುದೆಂದರೆ ಏನು ಎಂದು ನನಗೆ ಆಗ ಹೊಳೆಯಿತು. ಗಂಡ ಸುಳ್ಳನಲ್ಲ ಎಂದು ತೋರಿಸಬೇಕಾದರೆ, ಕಾಲು ಅವನದಲ್ಲ ಎಂದು ಹೆಂಡತಿಯ ಮುಂದೆಯೇ ತೋರಿಸಬೇಕು. ಅದನ್ನು ಸಾಠೆಯವರ ಕೋಣೆಯಲ್ಲಿ, ಪರರ ಎದುರು ಮೊದಲ ಸಲ ಅವಳು ಕೇಳಬಾರದು. ಸ್ಟೂಲು ಎಳೆದು ಕೂತೆ.

"ಮಹಾದೇವಿ, ಗೋದಾಮಿನಲ್ಲಿ ಚೀಲ ಎತ್ತುವುದು ಹೇಗೆ? ಯಾರು ಹೇಳುತ್ತಾರೆ?"

"ಮುಕಾದಮ ಹೇಳ್ತಾನ್ರಿ, ಹಮಾಲರ ಮೇಸ್ತ್ರಿ."

"ಮಾಲಕ?"

"ಮ್ಯಾಲ ಆಫೀಸನ್ಯಾಗ ಕುಂದರ್ತಾನ. ಫೋನ್ ಮಾಡಿ ಸಾಕು, ನಿಲ್ಸು ಅಂತಾನ."

"ಹಗ್ಗ ಹಾಕಿ ಎಳೆಯುವಾಗ?"

ಉತ್ತರ ಬಸವರಾಜನಿಂದ ಬಂತು, ಗೋಡೆಯ ಕಡೆಯಿಂದಲೇ. "ಈ ಕಡಿ ಮಂದಿ ಜಗ್ಗಬೇಕ್ರಿ, ಆ ಕಡಿ ಮಂದಿ ಬಿಡಬೇಕು. ಎರಡೂ ಕಡಿ ಜಗ್ಗಿದ್ರ ಚೀಲ ಅಲ್ಲೇ ನಿಂದ್ರತದ."

"ತಲೆ ಮಾಲಕ. ಬೆನ್ನಿನ ಹುರಿ ಮುಕಾದಮ. ಕಾಲಿನ ಮಾಂಸದಲ್ಲಿ ಎರಡು ಕಡೆಯ ಜನ. ಒಬ್ಬರು ಜಗ್ಗುವಾಗ ಇನ್ನೊಬ್ಬರು ಬಿಡುವ ಹಾಗೆ ನೋಡಿಕೊಳ್ಳುವುದು ಮುಕಾದಮ. ಬಿದ್ದ ದಿನ ನಡುವಿನ ಫೋನಿನ ತಂತಿ ಕಡಿದುಹೋಯಿತು. ಮೇಲಿನಿಂದ ಆಜ್ಞೆ ಇಳಿಯುವುದಿಲ್ಲ, ಕೆಳಗಿನ ಸುದ್ದಿ ಏರುವುದಿಲ್ಲ."

ಅವಳಿಗೆ ಒಡನೆಯೇ ಅರ್ಥವಾಯಿತು. ನಾನು ಬಯಸಿದ್ದಕ್ಕಿಂತ ಬೇಗ. "ಅಂದ್ರ ಮುಕಾದಮ ಒಬ್ಬನ ದರ್ಬಾರ ನಡಸ್ಯಾನ. ಯಾರರೆ ಬಂದು ಮುಟ್ಟಿದ್ರ ಮಂದಿ ಎಬ್ಬಸ್ತಾನ, ನಿಲ್ಸು ಅನ್ನಾವ್ರಿಲ್ಲ." ತಲೆದಿಂಬಿನ ಬಳಿಯ ಬಾಚಣಿಗೆಯನ್ನು ಕೈಗೆತ್ತಿಕೊಂಡಳು. "ನಾ ಗೀರಿದಾಗ ಎದ್ದದ್ದು ಇವ್ರಲ್ಲ."

"ಅಲ್ಲ."

"ನಿಮಗ ಮೊದಲಿಂದ ಗೊತ್ತಿತ್ತು?"

"ಗೊತ್ತಿತ್ತು."

"ಹೇಳಾಕ ಬಾಯಿ ಇರಲಿಲ್ಲೇನ್ರಿ?"

ಅವಳು ಬಾಚಣಿಗೆಯನ್ನು ಚೀಲದೊಳಗೆ ಹಾಕಿದಳು. ಎರಡು ದಿನ ನನ್ನ ಜತೆ ಮಾತಾಡಲಿಲ್ಲ, ಗಂಡನ ಕಾಲನ್ನೂ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಅವನ ಸೆಟೆದ ಕಾಲ್ಬೆರಳು ಮಡಚಿ ಹಿಡಿದು ಕೂತಿದ್ದಾಗ ಪಕ್ಕಕ್ಕೆ ಬಂದಳು. "ಸರೀರಿ, ನಾ ಹಿಡೀತೀನಿ. ಮುಕಾದಮನ ಸಂಗಾಟ ಬಾಳೇ ಮಾಡೋದದ ಅಂದ್ರ ಅವನ ಮರ್ಜಿ ನನಗೂ ತಿಳೀಬೇಕು." ಒಂದು ಗಂಟೆಯಲ್ಲಿ ಅವಳ ಕೈ ನನ್ನ ಕೈಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನನಗೆ ಅದು ಬರಲು ಎರಡು ವರ್ಷ ಹಿಡಿದಿತ್ತು.

ಶುಕ್ರವಾರ ಸಾಠೆಯವರ ಕೋಣೆ. ಅವರು, ಕಂಪನಿಯ ಅಧಿಕಾರಿ, ಸ್ಟ್ರೆಚರಿನ ಮೇಲೆ ಬಸವರಾಜ, ಕಾಲಬಳಿ ಮಹಾದೇವಿ, ನಾನು. ಮೊದಲು ಬಸವರಾಜನ ಕಣ್ಣಿಗೆ ಟವೆಲು ಕಟ್ಟಿದೆ. ಅಂಗಾಲು ಗೀರಿದೆ; ಕಾಲು ಮಡಚಿತು. ಯಾವ ಕಾಲು ಎಂದು ಕೇಳಿದೆ. "ಯಾವ್ದೂ ಗೊತ್ತಿಲ್ರಿ," ಎಂದ.

ಅಧಿಕಾರಿ ನಕ್ಕ. "ಆಂಖ್ ಬಂದ್ ಕರ್ಕೇ ಭೀ ಆ್ಯಕ್ಟಿಂಗ್ ಹೋತೀ ಹೈ, ಮೇಡಂ." ಕಣ್ಣು ಮುಚ್ಚಿಕೊಂಡೂ ನಟಿಸಬಹುದು ಎಂಬ ಮಾತು. ಸಾಠೆಯವರು ಪೆನ್ನಿನ ಕ್ಯಾಪು ತೆಗೆದರು. ಇನ್ನು ಸಹಿ ಮಾಡಿ ಎಂಬಂತೆ ಹಾಳೆಯನ್ನು ನನ್ನ ಕಡೆ ಸರಿಸಿದರು.

ಆಗ ಮಹಾದೇವಿ ಅಧಿಕಾರಿಯ ಕಡೆ ತಿರುಗಿ, ತನಗೆ ಬರುವ ಹಿಂದಿಯಲ್ಲಿ, "ಸಾಬ್, ಆಪ್ ಪಕಡೋ," ಎಂದಳು. ಅವನು ಹಿಂಜರಿದ. "ಪಕಡೋ ನಾ. ಆ ದಿವಸ ಫೋನ್ ಹಿಡದ್ರಿ, ಇವತ್ತ ಕಾಲು ಹಿಡೀರಿ." ಅವನು ಪಾದವನ್ನು ಎರಡು ಬೆರಳಲ್ಲಿ ಹಿಡಿದ. ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟು ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿದಳು.

ಪಾದ ಅವನ ಅಂಗೈಯಲ್ಲಿ ಟಪ ಟಪ ಬಡಿಯತೊಡಗಿತು. ಮೀನಖಂಡದ ಸ್ನಾಯು ಎಳೆತಕ್ಕೆ ಬಿಗಿಯುತ್ತದೆ, ಸಡಿಲಾಗುತ್ತದೆ, ಕೈ ಇನ್ನೂ ಒತ್ತುತ್ತಿರುವುದರಿಂದ ಮತ್ತೆ ಎಳೆತ, ಮತ್ತೆ ಬಿಗಿತ. ನಮಗೆ ಇದು ನಿತ್ಯದ ನೋಟ. ಮೊದಲ ಸಲ ಹಿಡಿದವರಿಗೆ ಜೀವಂತ ಮೀನು ಹಿಡಿದ ಹಾಗಾಗುತ್ತದೆ. ಅಧಿಕಾರಿ ಹೌಹಾರಿ ಕೈ ಕಿತ್ತುಕೊಳ್ಳಲು ನೋಡಿದ, ಅವಳು ಬಿಡಲಿಲ್ಲ.

"ಈಗ ಹೇಳ್ರಿ ಇವ್ರಿಗಿ, ನಿಲ್ಸು ಅಂತ."

"ಬಸವರಾಜ್, ಬಂದ್ ಕರೋ," ಎಂದ ಅವನು, ಏರಿದ ದನಿಯಲ್ಲಿ.

"ಏನು ಬಂದ್ ಮಾಡ್ಲಿರಿ ಸಾಹೇಬ್ರ?" ಎಂದ ಬಸವರಾಜ. ಅವನಿಗೆ ಕಾಲು ಬಡಿಯುತ್ತಿರುವುದೇ ಗೊತ್ತಿರಲಿಲ್ಲ. ಹಗ್ಗ ಎಳೆಯುವವನ ದಪ್ಪ ಕೈಗಳು ಎದೆಯ ಮೇಲೆ ಶಾಂತವಾಗಿದ್ದವು. ಕಂಪನಿಯ ಚಹಾ ಇನ್ನೂ ಅಷ್ಟೇ ನೀರಾಗಿ ಇರ್ತದೇನು ಎಂದು ಕೇಳಿದ. ಪಾದ ಬಡಿಯುತ್ತಲೇ ಇತ್ತು.

ಮಹಾದೇವಿ ಅಧಿಕಾರಿಯ ಕೈ ಸರಿಸಿದಳು. ಪಾದವನ್ನು ಇಳಿಬಿಟ್ಟು, ಬೆರಳುಗಳನ್ನು ಕೆಳಕ್ಕೆ ಮಡಚಿ ಹಿಡಿದಳು. ಬಡಿತ ನಿಂತಿತು. ಮಂಡಿ ಮೆಲ್ಲಗೆ ಸಡಿಲಾಗಿ ಸ್ಟ್ರೆಚರಿಗೆ ಒರಗಿತು.

"ಸಾಹೇಬ್ರ, ಈ ಕಾಲು ನಮ್ಮನಿಯವ್ರ ಮಾತು ಕೇಳಂಗಿಲ್ಲ," ಎಂದಳು. "ನನ್ನ ಕೈ ಮಾತು ಕೇಳ್ತದ. ನಾಟಕ ಅಂತಿದ್ರ ನನ್ನ ಮ್ಯಾಲ ಬರೀರಿ."

ನಾನು ಅದನ್ನು ಸಾಠೆಯವರಿಗೆ ಮರಾಠಿಯಲ್ಲಿ ಹೇಳಿದೆ, ಒಂದು ಪದವನ್ನೂ ಮೆದು ಮಾಡದೆ. ಆಮೇಲೆ ಟೈಪಾದ ಸಾಲಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ. ಎಡಕ್ಕೆ: ಹೇಳಿದಾಗ ಚಲನೆ ಇಲ್ಲ. ಬಲಕ್ಕೆ: ಮುಟ್ಟಿದಾಗ ಚಲನೆ ಇದೆ, ಅದು ಬೆನ್ನುಹುರಿಯದು, ರೋಗಿಯ ಇಚ್ಛೆಯದಲ್ಲ, ಅವನಿಗೆ ಅದರ ಅರಿವೂ ಇಲ್ಲ. ನಂತರ ಪೂರ್ತಿ ಸಹಿ ಹಾಕಿದೆ. ಸಾಠೆಯವರು ಬಹಳ ಹೊತ್ತು ನೋಡಿದರು. ಕೊನೆಗೆ 'ನೋಡಿದ್ದೇನೆ' ಎಂದು ಬರೆದು ಪೆನ್ನಿಗೆ ಕ್ಯಾಪು ಹಾಕಿದರು. ಕಂಪನಿ ತನ್ನ ಪತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಖೋಲಿ ಉಳಿಯಿತು, ಗಾಲಿಕುರ್ಚಿ ಬಂತು. ನಾಟಕ ಎಂಬ ಪದ ತಪ್ಪು ಎಂದು ಬರೆದುಕೊಡಿ ಎಂದು ಬಸವರಾಜ ಹಟ ಹಿಡಿದ. ಅದಕ್ಕೆ ಎಂಟು ತಿಂಗಳು ಹಿಡಿಯಿತು, ಆದರೆ ಬರೆಸಿಕೊಂಡ.

ನನ್ನನ್ನು ವಾರ್ಡಿನಿಂದ ತೆಗೆದು ಮತ್ತೆ ನೆರೂಳ ಶಾಖೆಗೆ ಹಾಕಿದರು. ಕಾರಣ ಕೇಳಿದಾಗ ಆಡಳಿತದ ಅನುಕೂಲ ಎಂದರು. ಕುತ್ತಿಗೆ ನೋವು, ಸೊಂಟ ನೋವಿನ ರೋಗಿಗಳು, ಮತ್ತೆ ಠಾಣೆ ಸ್ಟೇಷನ್ನಿನ ಗರ್ದಿ. ಅಲ್ಲಿಯೂ ಮೊದಲ ದಿನವೇ ಸ್ಕೇಲು ಹುಡುಕಿದೆ.

ನೀವು ಕೇಳಬಹುದು, ಇಷ್ಟಕ್ಕೆ ಆ ಮನುಷ್ಯ ನಡೆದನೇ ಎಂದು. ಇಲ್ಲ. ನಡೆಸುತ್ತೇವೆ ಎಂದು ಬೋರ್ಡು ಹಾಕಿಕೊಂಡವರು ಕಲ್ಯಾಣದಲ್ಲೂ ಇದ್ದಾರೆ, ಸಾನಪಾಡಾದಲ್ಲೂ ಇದ್ದಾರೆ. ಅಂಗಾಲು ಗೀರಿ ವಿಡಿಯೋ ತೋರಿಸುತ್ತಾರೆ. ಅವರ ಬಳಿ ಕೇಳಬೇಕಾದದ್ದು ಪ್ರಧಾನ್ ಬಾಯಿಯ ಪ್ರಶ್ನೆ ಒಂದೇ.

ಮಹಾದೇವಿಯ ಫೋನು ಇಷ್ಟು ವರ್ಷಗಳ ನಂತರವೂ ಬರುತ್ತದೆ. ಒಮ್ಮೆ, "ಅಕ್ಕಾರ, ಎರಡು ದಿನದಿಂದ ಮುಕಾದಮ ಭಾಳ ಗದ್ಲ ಮಾಡ್ಲಿಕತ್ತಾನ," ಎಂದಳು. ಬೆನ್ನು, ಹಿಮ್ಮಡಿ, ಮೂತ್ರದ ನಳಿಗೆ ನೋಡು ಎನ್ನುವಷ್ಟರಲ್ಲಿ, "ಎಲ್ಲಾ ನೋಡೀನ್ರಿ. ಹೆಬ್ಬೆರಳಿನ ಉಗುರು ಒಳಗ ಚುಚ್ಚಿ ಕೀವು ಆಗದ. ಇವ್ರಿಗಿ ನೋವು ಗೊತ್ತಾಗಿಲ್ಲ, ಕಾಲಿಗಿ ಗೊತ್ತಾಗದ," ಎಂದಳು. ಬಿಗಿತ ಹೆಚ್ಚಾದರೆ ಕೆಳಗೆ ಎಲ್ಲೋ ಗಾಯವಿದೆ ಎಂದು ನಾನು ವಿದ್ಯಾರ್ಥಿಗಳಿಗೆ ಮೂರು ಸಲ ಹೇಳಿದರೂ ಪರೀಕ್ಷೆಯಲ್ಲಿ ಬರೆಯುವುದಿಲ್ಲ.

ಕಳೆದ ಸಲ ಅವಳ ಖೋಲಿಗೆ ಹೋಗಿದ್ದೆ. ಬಸವರಾಜ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಉದ್ದನೆಯ ಪುಸ್ತಕ ತೂಗುಹಾಕಿತ್ತು. ಪ್ರತಿ ಪುಟದ ನಡುವೆ ಗೆರೆ. ಬಲಕ್ಕೆ ಅವಳ ವಕ್ರ ಅಕ್ಷರದಲ್ಲಿ ಎಷ್ಟು ಸಲ, ಯಾವಾಗ, ಏನು ಮುಟ್ಟಿದಾಗ ಎಂದೆಲ್ಲ ಇತ್ತು. ಎಡದ ಅಂಕಣ ಮೊದಲ ಪುಟದಿಂದ ಕೊನೆಯವರೆಗೆ ಖಾಲಿ. ದಿನಾ ಬೆಳಿಗ್ಗೆ ಕಾಲೆತ್ತರಿ ಎಂದು ಒಮ್ಮೆ ಹೇಳುತ್ತಾಳಂತೆ, ಒಂದು ನಿಮಿಷ ಕಾಯುತ್ತಾಳಂತೆ.

ನಾನು ಪುಟ ತಿರುವುತ್ತ ನಿಂತಿದ್ದನ್ನು ನೋಡಿ, "ಖಾಲಿ ಇದ್ರ ಇರ್ಲಿ ಬಿಡ್ರಿ ಅಕ್ಕಾರ," ಎಂದಳು. "ಸುಳ್ಳಂತೂ ನಾ ಬರದಿಲ್ಲ."